ಗರಗಸದಿಂದ ಮುಂದೆ

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಓದು ಕಲಿಸುವ ಮುಖ್ಯ ಪದ್ಧತಿ ನಲಿ-ಕಲಿ. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರು ಇದನ್ನು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಿಸಿದರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹಬ್ಬಿತು. ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಗೆ ಬಂದದ್ದೂ ಹಾಗೆಯೇ.

ಅಕ್ಷರಗಳ ಸರದಿಯನ್ನು ಬದಲಿಸಿದ್ದು ಇದರ ದೊಡ್ಡ ಗೆಲುವು. ವರ್ಣಮಾಲೆಯನ್ನು ಬಾಯಿಪಾಠ ಮಾಡಿಸದೆ ರ, ಗ, ಸ, ದ, ಅ ಎಂಬ ಐದರಿಂದಲೇ ಕಲಿಕೆ ಶುರು. ಇಷ್ಟು ಬಂದರೆ ಮಗು ಅರಸ, ಅಗಸ, ಸರ, ಗರಗಸ ಎಂದು ತಾನೇ ಕೂಡಿಸಿ ಓದುತ್ತದೆ. ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ಮೆಟ್ಟಿಲು ಏರುತ್ತಾರೆ. ಶಿಕ್ಷಕರ ಕೊರತೆಯಿರುವ ಹಳ್ಳಿಯ ಶಾಲೆಗೆ ಇದು ಚೆನ್ನಾಗಿ ಒಗ್ಗುವ ಏರ್ಪಾಡು.

ತೊಡಕಿರುವುದು ಗರಗಸದಿಂದ ಮುಂದೆ. ಕಾರ್ಡು ಅಕ್ಷರ ಕೊಡುತ್ತದೆ, ಕಥೆ ಕೊಡುವುದು ಕಡಿಮೆ. ಕಾಗುಣಿತ ಮುಗಿಸಿ ಒತ್ತಕ್ಷರದ ಹೊಸ್ತಿಲಲ್ಲಿ ನಿಂತ ಮಗುವಿಗೆ ತಕ್ಕ ಪುಸ್ತಕ ಕನ್ನಡದಲ್ಲಿ ವಿರಳ. ಎಲ್‌.ಎಸ್‌. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ ಭಾರತ-ಭಾರತಿ ಮಾಲೆಯ 510 ಪುಟ್ಟ ಪುಸ್ತಕಗಳು ಅಗ್ಗವಾಗಿದ್ದವು, ಊರೂರಿಗೆ ತಲುಪಿದವು. ಆದರೆ ಅವು ಸರಾಗವಾಗಿ ಓದಬಲ್ಲವರಿಗೆ ಬರೆದ ಜೀವನಚರಿತ್ರೆಗಳು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಚಿತ್ರಕಥೆಗಳು ಉಚಿತ, ನಾಲ್ಕು ಹಂತಗಳಲ್ಲಿ ಲಭ್ಯ. ಅಲ್ಲಿ ಹಂತವನ್ನು ಬಹುಮಟ್ಟಿಗೆ ಪದಗಳ ಎಣಿಕೆಯೇ ನಿರ್ಧರಿಸುತ್ತದೆ. ಪದ ಕಡಿಮೆಯಾದ ಮಾತ್ರಕ್ಕೆ ಒತ್ತಕ್ಷರ ಕಡಿಮೆಯಾಗುವುದಿಲ್ಲ. ಅನುವಾದಗಳಲ್ಲಂತೂ ಒತ್ತಕ್ಷರದ ಬಗೆಗಿನ ಎಚ್ಚರ ಸಾಲದು.

ಹಿರೇಕೆರೂರು ಸೀಮೆಯ ಅಬಲೂರಿನಲ್ಲಿ ಈ ಕೊರತೆಗೆ ಮನೆಯ ಮದ್ದೇ ಇದೆ. ಪರಂಪರೆ ಸರ್ವಜ್ಞನ ಹುಟ್ಟನ್ನು ಅಬಲೂರು, ಮಾಸೂರುಗಳಿಗೆ ಸೇರಿಸುತ್ತದೆ. ಜನರ ನಾಲಗೆಯ ಮೇಲಿದ್ದ ಅವನ ತ್ರಿಪದಿಗಳನ್ನೂ ಓಲೆಪ್ರತಿಗಳನ್ನೂ ಅರಸಿ, ಉತ್ತಂಗಿ ಚನ್ನಪ್ಪನವರು 1924ರಲ್ಲಿ ಪುಸ್ತಕವಾಗಿಸಿದರು. ಮೂರೇ ಸಾಲು, ಬಿಗಿಯಾದ ಲಯ, ಕೊನೆಗೆ ‘ಸರ್ವಜ್ಞ’ ಎಂಬ ಅದೇ ಅಂಕಿತ. ಆ ಅಂಕಿತದಲ್ಲಿ ಅರ್ಕಾವೊತ್ತೂ ಇದೆ, ಜ್ಞ ಎಂಬ ಕಠಿಣ ಒತ್ತೂ ಇದೆ; ಆದರೂ ಕಿವಿಗೆ ಪರಿಚಯವಿರುವುದರಿಂದ ಮಗು ಅದನ್ನು ಕಣ್ಣಿನಿಂದಲೇ ಗುರುತಿಸಬಲ್ಲದು. ಬಾಯಿಗೆ ಬರುವ ಪದ್ಯವನ್ನು ದೊಡ್ಡಕ್ಷರದಲ್ಲಿ ಬರೆದು, ಬೆರಳಿಟ್ಟು ಓದಿಸುವುದು ಖರ್ಚಿಲ್ಲದ ಪಾಠ. ಶಾಲೆಗಳು ಮಾತ್ರ ತ್ರಿಪದಿಯನ್ನು ಫೆಬ್ರುವರಿ 20ರ ಜಯಂತಿಯ ಕಂಠಪಾಠ ಸ್ಪರ್ಧೆಗೆ ಮೀಸಲಿಡುವುದೇ ಹೆಚ್ಚು. ನೀತಿಬೋಧೆಯಾಗಿ ಉರು ಹೊಡೆಸಿದ ಪದ್ಯ ಓದಿಗೆ ದಾರಿಯಾಗದೆ ಬಹುಮಾನದ ತಟ್ಟೆಯಲ್ಲಿ ಮುಗಿಯುತ್ತದೆ.

ಬರವಣಿಗೆಯ ಸ್ಥಿತಿ ಇನ್ನೂ ಬಡವು. ಹಲವು ತರಗತಿಗಳಲ್ಲಿ ಬರೆಯುವುದೆಂದರೆ ಹಲಗೆ ನೋಡಿ ನಕಲು ಮಾಡುವುದು, ತಪ್ಪಿದರೆ ಹತ್ತು ಸಲ ತಿದ್ದುವುದು. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಷ್ಟನ್-ವಾರ್ನರ್‌, ಮಗು ತಾನಾಗಿ ಹೇಳಿದ ಪದವನ್ನೇ ಚೀಟಿಯಲ್ಲಿ ಬರೆದುಕೊಟ್ಟು ಓದಿಸಿದರು. ಈ ಕ್ರಮ ಇಲ್ಲಿ ನಡೆಯಬೇಕಾದರೆ ‘ಎತ್ತು ಮೇಯಾಕತ್ತೈತಿ’ ಎಂಬ ಮಾತು ಹಾಗೆಯೇ ಕಾಗದಕ್ಕೆ ಇಳಿಯಬೇಕು. ‘ಮೇಯುತ್ತಿದೆ’ ಎಂದು ಮೊದಲ ದಿನವೇ ತಿದ್ದಿದರೆ ಮಗು ಬಾಯಿ ಮುಚ್ಚುತ್ತದೆ. ಶಿಷ್ಟ ರೂಪ ಮೂರು-ನಾಲ್ಕನೆಯ ತರಗತಿಯಲ್ಲಿ ಬಂದರೂ ತಡವಲ್ಲ.

ಶಾಲೆಯ ಹೊರಗಿನ ಆಸರೆ ಗ್ರಾಮ ಪಂಚಾಯತಿ ಗ್ರಂಥಾಲಯ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ‘ಓದುವ ಬೆಳಕು’ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಒಳ್ಳೆಯ ಕ್ರಮ. ಆದರೆ ಸದಸ್ಯರ ಲೆಕ್ಕದಿಂದ ಓದಿನ ಲೆಕ್ಕ ಸಿಗುವುದಿಲ್ಲ. ಯಾವ ಪುಸ್ತಕ ಎಷ್ಟು ಸಲ ಮನೆಗೆ ಹೋಯಿತೆಂಬ ವಿತರಣಾ ವಹಿಯೇ ಅದಕ್ಕೆ ಸರಿಯಾದ ದಾಖಲೆ. ಮುಂದಿನ ಪುಸ್ತಕ ಖರೀದಿಯೂ ಆ ವಹಿಯನ್ನು ನೋಡಿ ಆಗಬೇಕು.