ತೀರಿತು ಎಂಬ ಒಂದು ಮಾತು

ಮೊಳಕಾಲ್ಮುರಿನಲ್ಲಿ ನನಗೊಬ್ಬ ಗೆಳತಿಯಿದ್ದಾಳೆ. ಗಂಡ ಕುಣಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾನೆ, ಇವಳು ಕಂಡಿಕೆ ಸುತ್ತುತ್ತಾಳೆ. ಕೆಲವು ವರ್ಷಗಳ ಹಿಂದೆ ಇವಳೊಬ್ಬಳೇ ಬ್ಯಾಪ್ಟಿಸ್ಟ್ ನಂಬಿಕೆಯ ಒಂದು ಸಣ್ಣ ಸಭೆಗೆ ಸೇರಿದಳು. ಗಂಡ ಸೇರಲಿಲ್ಲ, ಬೇಡವೆನ್ನಲೂ ಇಲ್ಲ. ಒಂದು ಗುಡ್ ಫ್ರೈಡೆಯ ದಿನ ‘ಸುಮ್ಮನೆ ಬಂದು ಕೂತ್ಕೊ, ಯಾರೂ ನಿನ್ನ ಎಳ್ಕೊಳ್ಳಲ್ಲ’ ಎಂದು ನಗುತ್ತ ಕರೆದಳು. ಚಳ್ಳಕೆರೆಯಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ತಳುಕು ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಶೇಂಗಾ ಕಿತ್ತು ಬೋಳಾದ ಹೊಲಗಳು, ಹತ್ತು ಗಂಟೆಗೇ ಕಣ್ಣು ಕುಕ್ಕುವ ಬಿಸಿಲು.

ಒಂದು ಮನೆಯ ಪಡಸಾಲೆಯಲ್ಲಿ ಸಭೆ. ಗಂಡಸರಿಗೊಂದು ಚಾಪೆ, ಹೆಂಗಸರಿಗೆ ಎರಡು, ಏಕೆಂದರೆ ನಾವೇ ಹೆಚ್ಚಿದ್ದೆವು. ಬೋಧಕರು ತೆಲುಗು ಬೆರೆತ ಕನ್ನಡದಲ್ಲಿ ಚೆನ್ನಾಗಿಯೇ ಮಾತಾಡಿದರು. ಮನುಷ್ಯನ ಪಾಪದ ಸಾಲವನ್ನೆಲ್ಲ ಕ್ರಿಸ್ತ ಶಿಲುಬೆಯ ಮೇಲೆ ತೀರಿಸಿಬಿಟ್ಟ, ನಾವು ಅದಕ್ಕೆ ಸೇರಿಸಬೇಕಾದ್ದು ಒಂದು ಬಿಡಿಗಾಸೂ ಇಲ್ಲ ಎಂದರು. ಕೇಳುವುದಕ್ಕೆ ಹಗುರವೆನಿಸಿತು. ಆಮೇಲೆ ಹೆಂಗಸರ ಚಾಪೆಯ ಕಡೆ ತಿರುಗಿದರು. ಆತ ಬಾಯಿ ತೆರೆಯದೆ ಸಹಿಸಿದ ಹಾಗೆ ನೀವೂ ಮನೆಯಲ್ಲಿ ನಿಮ್ಮ ನಿಮ್ಮ ಶಿಲುಬೆ ಹೊರಬೇಕು, ನಿಮ್ಮ ಸಹನೆಯಿಂದಲೇ ನಿಮ್ಮ ಗಂಡಂದಿರಿಗೆ ರಕ್ಷಣೆ ಸಿಗುತ್ತದೆ ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕಿವಿಯ ಕೆಳಗೆ ನೀಲಿಗಟ್ಟಿತ್ತು. ಸೆರಗು ಅದನ್ನು ಪೂರ್ತಿ ಮುಚ್ಚಿರಲಿಲ್ಲ. ಆಕೆ ತಲೆಯಾಡಿಸಿದಳು.

ಒಂದೇ ಬಾಯಿಂದ ಬಂದ ಈ ಎರಡು ಮಾತು ಒಂದರ ಪಕ್ಕ ಒಂದು ನಿಲ್ಲುವುದಿಲ್ಲವೆಂದು ಆ ದಿನ ಬಸ್ಸಿನಲ್ಲಿ ಕೂತಾಗಲೇ ನನಗನ್ನಿಸಿತ್ತು. ನಾನು ಕ್ರೈಸ್ತಳಲ್ಲ. ಬೇರೆಯವರ ಮನೆಯ ದೇವರ ಕೋಣೆಗೆ ನುಗ್ಗಿ ವಿಮರ್ಶೆ ಮಾಡುವ ಹಕ್ಕು ನಿನಗೇನು ಎಂದು ಯಾರಾದರೂ ಕೇಳಬಹುದು. ಚಾಪೆ ಹಾಸಿ ಕೂರಿಸಿದ್ದು ಅವರೇ, ಮಾತು ನನ್ನ ಕಿವಿಗೂ ಬಿದ್ದಿದೆ, ಅಷ್ಟೇ ನನ್ನ ಹಕ್ಕು. ಅದೂ ಅಲ್ಲದೆ ನನ್ನ ತಕರಾರು ಅವರ ನಂಬಿಕೆಯ ಮೇಲಲ್ಲ. ಅವರ ನಂಬಿಕೆಯನ್ನು ಅವರ ಬೋಧಕರೇ ನಡುದಾರಿಯಲ್ಲಿ ಕೈಬಿಟ್ಟರಲ್ಲ, ಅದರ ಮೇಲೆ.

ಬ್ಯಾಪ್ಟಿಸ್ಟರು ಯಾರೆಂದು ನಾಲ್ಕು ಮಾತು ಹೇಳಬೇಕು. ಇಂಗ್ಲೆಂಡಿನ ರಾಜಸಭೆಯನ್ನು ಒಪ್ಪದೆ ಹಾಲೆಂಡಿಗೆ ಹೋದ ಒಂದು ಗುಂಪಿನಿಂದ, ೧೬೦೯ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾನ್ ಸ್ಮಿತ್ ಎಂಬವನ ಕಾಲಕ್ಕೆ ಶುರುವಾದ ಪಂಥ. ಎಳೆಗೂಸಿಗೆ ನೀರು ಚಿಮುಕಿಸಿದರೆ ಅದು ದೀಕ್ಷೆಯಲ್ಲ, ತಿಳಿವಳಿಕೆ ಬಂದವರು ತಾವೇ ನಂಬಿ ತಾವೇ ಬಂದು ಕೇಳಬೇಕು ಎಂಬುದು ಅವರ ಹಟ. ಮುಂದೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಎತ್ತುವ ಪದ್ಧತಿ ಬಂತು. ಮುಳುಗುವುದು ಕ್ರಿಸ್ತನ ಜೊತೆ ಸತ್ತಂತೆ, ಏಳುವುದು ಅವನ ಜೊತೆ ಎದ್ದಂತೆ. ನೀರು ಪಾಪ ತೊಳೆಯುವುದಿಲ್ಲ. ತೊಳೆದಾಗಿದೆ ಎಂಬುದಕ್ಕೆ ನಾಲ್ಕು ಜನರ ಎದುರಿಗೆ ಕೊಡುವ ಸಾಕ್ಷಿ ಅದು. ಅವರ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸವೂ ಹಾಗೆಯೇ, ಮತ್ತೊಮ್ಮೆ ಬಲಿ ಕೊಡುವುದಲ್ಲ, ಆದದ್ದನ್ನು ನೆನೆಯುವುದು. ನಡುವೆ ಪುರೋಹಿತನಿಲ್ಲ. ಕ್ರಿಸ್ತ ಸತ್ತದ್ದು ಎಲ್ಲರಿಗಾಗಿಯೋ ದೇವರು ಆಯ್ದವರಿಗಾಗಿ ಮಾತ್ರವೋ ಎಂದು ಅವರು ತಮ್ಮೊಳಗೇ ಬಹುಕಾಲ ಜಗಳವಾಡಿ ಎರಡು ಪಂಗಡವಾದರು. ಆ ಜಗಳ ಇಲ್ಲಿ ಬೇಡ. ಸತ್ತದ್ದು ಒಂದೇ ಸಾರಿ, ಅದು ಸಾಕು ಎಂಬುದರಲ್ಲಿ ಎರಡೂ ಕಡೆಯವರು ಒಂದೇ.

ಕನ್ನಡಕ್ಕೂ ಇವರಿಗೂ ಹಳೆಯ ನಂಟಿದೆ. ಬಂಗಾಳದ ಸೆರಾಂಪುರದಲ್ಲಿ ನೆಲೆಸಿದ್ದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್ ಮಿಷನರಿ. ಆತ ಬರೆದ ಕನ್ನಡ ವ್ಯಾಕರಣ ೧೮೧೭ರಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು, ೧೮೧೨ರ ಮಾರ್ಚಿಯಲ್ಲಿ ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ ಇತ್ತು. ಮತ್ತೆ ಕೂತು ಬರೆದರು. ನಮ್ಮ ಪಕ್ಕದ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾದದ್ದು ೧೮೩೧ರಲ್ಲಿ. ಆ ಕೆಲಸಗಳ ಹಿಂದೆ ನಿಂತ ಕನ್ನಡ ಪಂಡಿತರ ಹೆಸರು ಎಷ್ಟು ಜನರ ನಾಲಿಗೆಯ ಮೇಲಿದೆ ಹೇಳಿ. ಆದರೆ ಅವರ ಕಿವಿ ಎಂಥದಿತ್ತೆಂಬುದು ಮಾತುಗಳಲ್ಲಿ ಉಳಿದಿದೆ.

ಗೆಳತಿಯ ಹತ್ತಿರ ಇರುವ ಹಳೆಯ ಬೈಬಲಿನಲ್ಲಿ ಕ್ರಿಸ್ತ ಪ್ರಾಣ ಬಿಡುವಾಗ ಆಡುವ ಕೊನೆಯ ಮಾತು ಒಂದೇ ಪದ, ‘ತೀರಿತು’. ಗ್ರೀಕ್ ಮೂಲದ ಪದಕ್ಕೆ ಪೂರ್ಣವಾಯಿತು, ಮುಗಿಯಿತು ಎಂಬ ಅರ್ಥವಂತೆ. ಮುಗಿಯಿತು ಎಂದೇ ಬರೆಯಬಹುದಿತ್ತು. ಬರೆಯಲಿಲ್ಲ. ಕನ್ನಡದಲ್ಲಿ ಮನುಷ್ಯ ತೀರಿಕೊಳ್ಳುತ್ತಾನೆ, ಸಾಲವೂ ತೀರುತ್ತದೆ. ಒಂದು ಸಾವು ಒಂದು ಸಾಲದ ಲೆಕ್ಕವನ್ನು ಮುಗಿಸಿತು ಎಂದು ಪಾಶ್ಚಾತ್ಯ ಪಂಡಿತರು ಪುಟಗಟ್ಟಲೆ ಬರೆದದ್ದನ್ನು ಈ ಮೂರಕ್ಷರ ಸುಮ್ಮನೆ ಹೇಳಿಬಿಡುತ್ತದೆ. ಇನ್ನೊಂದು ಪದ ‘ಈಡು’. ಅನೇಕರನ್ನು ಬಿಡಿಸಿಕೊಳ್ಳಲು ಆತ ತನ್ನ ಪ್ರಾಣವನ್ನು ಈಡು ಕೊಟ್ಟ ಎನ್ನುತ್ತದೆ ಆ ಬೈಬಲು. ಈಡು ಎಂದರೇನೆಂದು ನೇಕಾರರ ಮನೆಯ ಹೆಂಗಸಿಗೆ ಯಾವ ಬೋಧಕರೂ ಹೇಳಿಕೊಡಬೇಕಿಲ್ಲ. ಸಾಹುಕಾರ ಕೊಟ್ಟ ಮುಂಗಡ, ಅದಕ್ಕೆ ಕಟ್ಟಿಬಿದ್ದ ಮಗ್ಗ, ಮಳೆಗಾಲದಲ್ಲಿ ಕುಣಿಗೆ ನೀರು ಬಂದು ನಿಂತ ಕೆಲಸ, ಆಗ ಈಡಿಗೆ ಹೋಗುವುದು ಮನೆಯ ಹೆಂಗಸಿನ ಓಲೆ, ಗುಂಡು. ಗೆಳತಿ ಒಮ್ಮೆ ಅಂದಿದ್ದಳು: ‘ನಾನು ಸಭೆಗೆ ಸೇರಿದ್ದು ಸ್ವರ್ಗದ ಆಸೆಗಲ್ಲ ಕಣೆ. ನನ್ನ ಬದಲಿಗೆ ಇನ್ನೊಬ್ಬರು ಈಡಿಗೆ ಹೋದರು ಅಂತ ಕೇಳಿದ್ದು ಅದೇ ಮೊದಲು.’

(‘ಪಾಪ’ ಎಂಬ ಪದವೂ ವಿಚಿತ್ರವೇ. ತಪ್ಪು ಮಾಡಿದವರಿಗೂ ಪಾಪ, ಪೆಟ್ಟು ತಿಂದವರನ್ನು ಕಂಡರೂ ಪಾಪ. ಬೋಧಕರಿಗೆ ಇದು ಗೊಂದಲ ಎನಿಸಬಹುದು. ನನಗೆ ಹಾಗನ್ನಿಸುವುದಿಲ್ಲ.)

ಬಲಿಯೇನು ನಮಗೆ ಹೊಸದಲ್ಲ. ನಮ್ಮ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ದೇವರ ಹೆಸರಲ್ಲಿ ಪ್ರಾಣಿ ಕಡಿಯಬಾರದೆಂದು ೧೯೫೯ರಲ್ಲೇ ಕಾನೂನು ಬಂದರೂ ಹರಕೆಯ ಲೆಕ್ಕ ಮಾತ್ರ ಮುಗಿಯುವಂಥದ್ದಲ್ಲ. ಈ ವರ್ಷದ್ದು ಈ ವರ್ಷಕ್ಕೆ, ಮುಂದಿನ ವರ್ಷ ಮತ್ತೆ. ‘ಕೆರೆಗೆ ಹಾರ’ ಹಾಡು ಯಾರಿಗೆ ಗೊತ್ತಿಲ್ಲ? ಕೆರೆಗೆ ನೀರು ಬರಲಿಲ್ಲವೆಂದು ಹಿರಿಯರು ಕೂತು, ಮನೆಯ ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಹಿರಿಸೊಸೆಯರಲ್ಲ, ಮಗನಲ್ಲ, ಕಟ್ಟಿಸಿದ ಗೌಡನಂತೂ ಅಲ್ಲವೇ ಅಲ್ಲ. ಮೊಳಕಾಲ್ಮುರು ತಾಲ್ಲೂಕಿನಲ್ಲೇ ಜಟಿಂಗ ರಾಮೇಶ್ವರ ಬೆಟ್ಟವಿದೆ. ಸೀತೆಯನ್ನು ಬಿಡಿಸಲು ಹೋಗಿ ಜಟಾಯು ಬಿದ್ದದ್ದು ಅಲ್ಲಿಯೇ ಎಂದು ಸುತ್ತಿನವರ ನಂಬಿಕೆ. ಆ ಹಕ್ಕಿ ತಾನಾಗಿಯೇ ನಡುವೆ ಬಿತ್ತು, ಯಾರೂ ಅದನ್ನು ಆರಿಸಿರಲಿಲ್ಲ. ಆದರೆ ಸೀತೆ ಬಿಡುಗಡೆಯಾಗಲಿಲ್ಲ.

ಇವನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ನಾನು ಗೆಳತಿಯನ್ನು ಕೆಣಕಿದ್ದೆ. ಅಪ್ಪ ಕೋಪ ತಣಿಯಲೆಂದು ಮಗನನ್ನು ಕೊಲ್ಲಿಸಿದ ಎನ್ನುತ್ತೀರಲ್ಲ, ನಿಮ್ಮ ದೇವರಿಗೂ ಆ ಗೌಡನಿಗೂ ಏನು ಫರಕು ಎಂದೆ. ಕಂಡಿಕೆ ಸುತ್ತುವುದನ್ನು ನಿಲ್ಲಿಸದೆಯೇ ಆಕೆ, ‘ಅಲ್ಲಿ ಗೌಡ ಸೊಸೇನ ಕೊಟ್ಟ. ಇಲ್ಲಿ ಗೌಡನೇ ಕೆರೆಗೆ ಹಾರಿದ’ ಎಂದಳು. ತಂದೆ, ಮಗ ಬೇರೆ ಬೇರೆಯಲ್ಲ, ಕೇಳಿದವನೇ ಕೊಟ್ಟವನು ಎಂಬ ಅವರ ಸಿದ್ಧಾಂತವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಆದರೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬೋಧನೆಗಳಲ್ಲಿ ತಂದೆಯ ಕೋಪ ಒಂದು ಕಡೆ, ಮಗನ ನೋವು ಇನ್ನೊಂದು ಕಡೆ ಎಂದು ಹಂಚಿಕೆಯಾಗಿಯೇ ಕೇಳಿಸುತ್ತದೆ. ಹೊಡೆಯುವುದೂ ಪ್ರೀತಿಯ ಒಂದು ಬಗೆ ಎಂದು ಕೇಳಿ ಬೆಳೆದ ಹೆಣ್ಣುಮಕ್ಕಳ ಮುಂದೆ ಹಾಗೆ ಹಂಚಿ ಹೇಳುವುದು ಅಪಾಯ.

ಅದಿರಲಿ, ಶಿಲುಬೆ ಹೊರುವ ಮಾತಿಗೆ ಬರುತ್ತೇನೆ. ಬೋಧಕರು ಅದನ್ನು ಗಾಳಿಯಿಂದ ತಂದದ್ದಲ್ಲ ಎಂದು ಆಮೇಲೆ ತಿಳಿಯಿತು. ಗೆಳತಿಯೇ ಬೆರಳಿಟ್ಟು ತೋರಿಸಿದಳು. ಪೇತ್ರನ ಮೊದಲನೆಯ ಪತ್ರದಲ್ಲಿ ಆಳುಗಳಿಗೆ ಬುದ್ಧಿ ಹೇಳುತ್ತ, ಕೆಟ್ಟ ಯಜಮಾನ ಅನ್ಯಾಯವಾಗಿ ಹೊಡೆದರೂ ಕ್ರಿಸ್ತನಂತೆ ಸಹಿಸಿ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಹಾಗೆಯೇ ಹೆಂಡತಿಯರೂ ಎಂದು ಮುಂದುವರಿಯುತ್ತಾನೆ. ಮಾತಿಲ್ಲದೆ ಹೆಂಡತಿಯ ನಡತೆಯಿಂದಲೇ ಗಂಡ ಒಲಿಯಬಹುದು ಎನ್ನುತ್ತಾನೆ. ಕಷ್ಟವಿರುವುದು ಆ ‘ಹಾಗೆಯೇ’ ಎಂಬುದರಲ್ಲಿ. ಶಾಸ್ತ್ರವೇ ಕೊನೆಯ ಪ್ರಮಾಣ ಎನ್ನುವ ಬ್ಯಾಪ್ಟಿಸ್ಟರಿಗೆ ಇದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಲು ಬರುವುದಿಲ್ಲ, ನಾನೂ ಹಾಗೆ ತಳ್ಳಿ ಎನ್ನುವುದಿಲ್ಲ. ಓದುವುದಾದರೆ ಪೂರ್ತಿ ಓದಿ ಎನ್ನುತ್ತೇನೆ. ಅದೇ ಜಾಗದಲ್ಲಿ, ಪಾಪಗಳನ್ನು ಮರದ ಮೇಲೆ ಹೊತ್ತವನು ಕ್ರಿಸ್ತ ಎಂದಿದೆ, ಹೆಂಡತಿ ಎಂದಿಲ್ಲ. ಇನ್ನೊಂದು ಕೆಲವೇ ಸಾಲು ಮುಂದೆ ಗಂಡಂದಿರಿಗೂ ಮಾತಿದೆ: ಹೆಂಡತಿಗೆ ಮಾನ ಕೊಡಿ, ಇಲ್ಲದಿದ್ದರೆ ನಿಮ್ಮ ಪ್ರಾರ್ಥನೆಗೇ ಅಡ್ಡಿಯಾದೀತು ಎಂದು. ಆ ಗುಡ್ ಫ್ರೈಡೆಯ ದಿನ ಗಂಡಸರ ಚಾಪೆಯ ಕಡೆ ಯಾರೂ ತಿರುಗಿ ಇದನ್ನು ಓದಲಿಲ್ಲ.

ಹೆಣ್ಣಿನ ಸಹನೆಯಿಂದ ಗಂಡನಿಗೆ ರಕ್ಷಣೆ ಎಂದರೆ ಏನಾಯಿತು? ತೀರಿದ ಸಾಲದ ಪುಸ್ತಕವನ್ನು ಮತ್ತೆ ಬಿಚ್ಚಿ, ಬಾಕಿಯನ್ನು ಹೆಂಗಸಿನ ಹೆಸರಿಗೆ ಬರೆದಂತಾಯಿತು. ಒಂದು ಸಾವು ಸಾಲದು, ಕಂತು ಕಂತಾಗಿ ಇವಳ ಮೈಯಿಂದಲೂ ಬರಬೇಕು ಎಂದಂತಾಯಿತು. ಅವರ ನಂಬಿಕೆ ಪ್ರತಿ ವರ್ಷದ ಹರಕೆಯನ್ನು ನಿಲ್ಲಿಸಿದ್ದರ ಬಗ್ಗೆ ಅವರಿಗೆ ಹೆಮ್ಮೆಯಿದೆ. ಹಾಗಿದ್ದರೆ ಪ್ರತಿ ರಾತ್ರಿಯದ್ದೂ ನಿಲ್ಲಬೇಕಲ್ಲ. ಶಿಲುಬೆ ಹೊತ್ತು ಬಾ ಎಂದು ಕ್ರಿಸ್ತ ಕರೆದದ್ದು ತನ್ನ ಹಿಂದೆ ಬರಲು ಒಪ್ಪಿದವರನ್ನು, ಗಂಡಸು ಹೆಂಗಸು ಎಲ್ಲರನ್ನೂ. ಕುಡಿದು ಬಂದವನ ಕೈಗೆ ಸಿಕ್ಕುವುದು ಅದಲ್ಲ.

ಕೇರಿಯ ಹೆಂಡತಿ ಡೊರೊತಿಯ ಕಥೆ ಗೊತ್ತಿದ್ದವರಿಗೆ ಇದು ಇಂದಿನ ಅಥವಾ ನಮ್ಮೂರಿನ ಬೋಧಕರ ತಪ್ಪಷ್ಟೇ ಅಲ್ಲವೆಂದು ತಿಳಿಯುತ್ತದೆ. ಆಕೆಗೆ ಇಂಡಿಯಾಕ್ಕೆ ಬರುವ ಮನಸ್ಸಿರಲಿಲ್ಲ. ಮೊದಲು ಬರುವುದಿಲ್ಲವೆಂದೇ ಹೇಳಿದ್ದಳು, ತಂಗಿ ಜೊತೆಗೆ ಬರುವುದಾದರೆ ಎಂದು ಕಡೆಗೆ ಒಪ್ಪಿ ೧೭೯೩ರಲ್ಲಿ ಹಡಗು ಹತ್ತಿದಳು. ಮರುವರ್ಷ ಬಂಗಾಳದ ಮದನಾಬಾಟಿಯಲ್ಲಿ ಐದು ವರ್ಷದ ಮಗ ಪೀಟರ್ ಸತ್ತ. ಅಲ್ಲಿಂದಾಚೆ ಆಕೆಯ ಬುದ್ಧಿ ಕೆಟ್ಟಿತು, ಕೋಣೆಯಲ್ಲಿ ಕೂಡಿಹಾಕಬೇಕಾಯಿತು. ೧೮೦೭ರಲ್ಲಿ ಸಾಯುವವರೆಗೂ ಹಾಗೆಯೇ. ಪಕ್ಕದ ಕೋಣೆಯಲ್ಲಿ ಗಂಡ ಶಾಸ್ತ್ರ ಅನುವಾದಿಸುತ್ತಿದ್ದ. ಕೇರಿಯ ಚರಿತ್ರೆ ಬರೆದ ಹಳಬರಲ್ಲಿ ಹೆಚ್ಚಿನವರು ಎಂಥ ಭಾರ ಹೊತ್ತನಪ್ಪ ಆ ಮಹಾನುಭಾವ ಎಂದು ಮರುಗಿದ್ದು ಅವನಿಗಾಗಿ. ಭಾಷೆಗೆ ಆತ ಮಾಡಿದ ಉಪಕಾರ ದೊಡ್ಡದು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಆ ಮನೆಯಲ್ಲಿ ಭಾರ ಯಾರ ಮೇಲೆ ಬಿತ್ತೆಂದು ಕೇಳದೆ ಇರಲಾರೆ.

ಅದೇ ಸೆರಾಂಪುರದ ಇನ್ನೊಬ್ಬ ಹೆಂಗಸನ್ನೂ ನೆನೆಯಬೇಕು. ೧೮೦೦ರ ಡಿಸೆಂಬರಿನಲ್ಲಿ ಕೃಷ್ಣ ಪಾಲ್ ಎಂಬ ಬಡಗಿ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದ. ಮುಂದಿನ ತಿಂಗಳಲ್ಲಿ ಅವನ ನಾದಿನಿ ಜಯಮಣಿ ನೀರಿಗಿಳಿದಳು. ಬಂಗಾಳದ ಹೆಂಗಸರಲ್ಲಿ ಆಕೆಯೇ ಮೊದಲು. ಅವಳ ಪರವಾಗಿ ಅಪ್ಪನೋ ಗಂಡನೋ ಹೂಂ ಎಂದರೆ ಅವರ ಲೆಕ್ಕದಲ್ಲಿ ಅದು ನಡೆಯುತ್ತಿರಲಿಲ್ಲ, ಅವಳೇ ಬಾಯಿಬಿಟ್ಟು ಹೇಳಬೇಕಿತ್ತು. ನನಗೆ ಈ ಪಂಥದಲ್ಲಿ ಎಲ್ಲಕ್ಕಿಂತ ಹಿಡಿಸುವುದು ಇದೇ. ಹೆಂಗಸಿನ ನಂಬಿಕೆ ಅವಳ ಬಾಯಿಂದಲೇ ಬರಬೇಕು ಎಂದವರು, ಅವಳ ನೋವಿನ ಮಾತು ಬರುವಾಗ ಬಾಯಿ ಮುಚ್ಚು ಎನ್ನುವುದು ಹೇಗೆ?

ಇಷ್ಟನ್ನೂ ನಾನು ಗೆಳತಿಗೆ ಒಂದೇ ದಿನ ಹೇಳಲಿಲ್ಲ, ಅವಳು ಒಂದೇ ದಿನ ಕೇಳಲೂ ಇಲ್ಲ. ನಡುವೆ ಒಂದೆರಡು ಬಾರಿ ಮುನಿಸಿಕೊಂಡಳು. ‘ನಿಮ್ಮ ಕಡೆ ಗಂಡನೇ ದೇವರು ಅಂತ ಹೇಳಿ ಹೊಡೆಸಿಕೊಳ್ಳೋದಿಲ್ವಾ’ ಎಂದಳು. ಹೌದು ಎಂದೆ. ಇಲ್ಲವೆನ್ನಲು ನನ್ನ ಹತ್ತಿರ ಏನಿತ್ತು?

ಕಡೆಗೆ ಒಂದು ಭಾನುವಾರ, ಪ್ರಾರ್ಥನೆ ಮುಗಿದು ಚಹಾ ಕೊಡುವ ಹೊತ್ತಿನಲ್ಲಿ, ಗೆಳತಿ ಬೋಧಕರನ್ನು ಕೇಳಿದಳಂತೆ: ‘ಅಯ್ಯನೋರೇ, ತೀರಿತು ಅಂದ್ರೆ ತೀರಿತು ಅಲ್ವಾ? ಹಂಗಾದ್ರೆ ಈಕೆ ಇನ್ನೂ ಏನು ಕಟ್ಟಬೇಕು?’ ಈಕೆ ಎಂದದ್ದು ಆ ಕಿವಿಯ ಕೆಳಗೆ ನೀಲಿಗಟ್ಟಿದ್ದ ಹೆಂಗಸನ್ನು ತೋರಿಸಿ. ಬೋಧಕರು ಕೆಟ್ಟವರಲ್ಲ. ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರಂತೆ, ನೋಡಿ ಹೇಳುತ್ತೇನಮ್ಮ ಎಂದರಂತೆ. ಮುಂದಿನ ವಾರ ಬಂದು ಬಿತ್ತುವವನ ಸಾಮ್ಯದ ಮೇಲೆ ಮಾತಾಡಿದರು, ಅದರ ಮುಂದಿನ ವಾರ ದಶಮಾಂಶದ ಮೇಲೆ. ಗೆಳತಿ ಇನ್ನೂ ಕಾಯುತ್ತಿದ್ದಾಳೆ. ಆ ಹೆಂಗಸು ಮಾತ್ರ ಕಾಯಲಿಲ್ಲ, ಮಕ್ಕಳನ್ನು ಕರೆದುಕೊಂಡು ರಾಯದುರ್ಗದ ಅಣ್ಣನ ಮನೆಗೆ ಹೋಗಿದ್ದಾಳೆ. ಹೋಗುವಾಗ ಬೈಬಲನ್ನು ಸೀರೆಯ ಗಂಟಿನೊಳಗೆ ಇಟ್ಟುಕೊಂಡಳೆಂದು ಗೆಳತಿ ಹೇಳಿದಳು.