ಬೇರಿಂಗ್ ಕೂರಿಸುವ ಕೈ
ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಕಟಕ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಸವೆದಿರುತ್ತದೆ. ವೇಗದ ಜೊತೆ ಗುಂಯ್‌ಗುಡುವುದು ಬೇರಿಂಗ್. ಬೆಂಗಳೂರಿನ ಶಿವಾಜಿನಗರದ ಪಳಗಿದ ಮೆಕ್ಯಾನಿಕ್‌ಗಳು ಗಾಡಿಯನ್ನು ಜಾಕ್ ಮೇಲೇರಿಸಿ, ಚಕ್ರ ತಿರುಗಿಸುತ್ತ, ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಬೆರಳಿಟ್ಟೇ ಬೇರಿಂಗ್ ಕೆಟ್ಟಿದೆಯೇ ಎಂದು ಹೇಳಿಬಿಡುತ್ತಾರೆ. 1983ರಲ್ಲಿ ಮಾರುತಿ 800 ಬಂದು, ಮುಂದಿನ ಚಕ್ರಗಳೇ ಗಾಡಿ ಎಳೆಯತೊಡಗಿದ ಮೇಲೆ ಬೆಳೆದ ವಿದ್ಯೆ ಇದು. ಜಾಯಿಂಟ್ ಮುಚ್ಚಿದ ರಬ್ಬರ್ ಬೂಟ್ ಹರಿದು ಗ್ರೀಸ್ ಸೋರಿ, ಕೆ.ಆರ್. ಪುರದ ಧೂಳು ಒಳಗಿನ ಆರು ಗುಂಡುಗಳಿಗೆ ಮೆತ್ತಿತೋ, ಜಾಯಿಂಟ್ ಕತೆ ಮುಗಿಯಿತು.

ನನಗೆ ಎಲ್ಲಕ್ಕಿಂತ ಮೆಚ್ಚುಗೆ ಬೇರಿಂಗ್ ಒತ್ತಿ ಕೂರಿಸುವ ಪ್ರೆಸ್ ಕೆಲಸ. ಹೊಸ ಬೇರಿಂಗಿನ ಹೊರಬಳೆಯನ್ನಷ್ಟೇ ಒತ್ತಿ, ಚಕ್ರ ಹಿಡಿದಿಡುವ ಸ್ಟಿಯರಿಂಗ್ ನಕಲ್‌ನೊಳಗೆ ಕೂರಿಸಬೇಕು; ಒಳಬಳೆಯನ್ನು ಒತ್ತಿದರೆ ಗುಂಡುಗಳೇ ಪೆಟ್ಟು ತಿನ್ನುತ್ತವೆ. ಸುತ್ತಿಗೆಯಲ್ಲಿ ಬಡಿದು ಕೂರಿಸುವವರ ಕೈಗೆ ಗಾಡಿ ಕೊಡಲೇಬೇಡಿ. ಬಲ್ಲವರು ಕಡೆಗೆ ಆಕ್ಸಲ್‌ಗೆ ಹೊಸ ನಟ್ ಹಾಕಿ, ಟಾರ್ಕ್ ರೆಂಚಿನಲ್ಲಿ ಅಳತೆಗೆ ಬಿಗಿದು, ಅದರ ಅಂಚನ್ನು ಶಾಫ್ಟಿನ ತೋಡಿಗೆ ಮಡಚಿ ಕಚ್ಚಿಸುತ್ತಾರೆ.