ಹದಿನೆಂಟರ ಮೋಹ, ಏಳರ ರುಚಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ಮೇಜಿನ ಪಕ್ಕ ಮೊದಲ ಸಲ ಕೂತವರಿಗೆ ಇದು ಆಟವೋ ನಾಟಕವೋ ಅನ್ನುವುದೇ ಬಗೆಹರಿಯುವುದಿಲ್ಲ. ನಾಲ್ಕೈದು ಜನ, ಪೆನ್ಸಿಲ್ಲು, ಹಾಳೆ, ಇಪ್ಪತ್ತು ಮುಖದ ದಾಳ. ಒಬ್ಬಾಕೆ ತಾನು ಕುಳ್ಳರ ಕುಲದ ಕಮ್ಮಾರಳು ಅನ್ನುತ್ತಾಳೆ. ಪಕ್ಕದವನು ದೇವರ ಮೇಲೆ ಮುನಿಸಿಕೊಂಡ ಅರ್ಚಕ. ಕಥೆ ನಡೆಸುವ ಡಂಜನ್ ಮಾಸ್ಟರ್ ‘ಬಾಗಿಲು ಹಾಕಿದೆ. ಒಳಗೆ ಯಾರೋ ಅಳ್ತಾ ಇದ್ದಾರೆ. ಏನ್ ಮಾಡ್ತೀರಿ?’ ಎಂದು ಕೇಳುತ್ತಾನೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರಲ್ಲಿ ಅರ್ಧ ಪರಿಚಿತವೇ: ಬರೆದಿಟ್ಟ ಮಾತಿಲ್ಲ, ಎದುರಿನವನ ಮಾತಿಗೆ ಅಲ್ಲೇ ಉತ್ತರ ಹುಟ್ಟಬೇಕು. ಆದರೆ ಅಲ್ಲಿ ಕರ್ಣ ಸಾಯುತ್ತಾನೆಂದು ಸಭೆಗೆಲ್ಲ ಗೊತ್ತು. ಇಲ್ಲಿ ಮಾಸ್ಟರಿಗೂ ಗೊತ್ತಿಲ್ಲ. ಹಾಗಾಗಿ ರಸಿಕರು ಕಥೆ ಎತ್ತ ಹೋಗುತ್ತದೆ ಎಂದು ಕಾಯುವುದಕ್ಕಿಂತ ಪಾತ್ರ ಹೇಗೆ ನಿಲ್ಲುತ್ತದೆ ಎಂದು ನೋಡುವುದು ಮೇಲು.

ಈ ಆಟ ಹೊರಬಂದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್. ಇಬ್ಬರೂ ಮೇಜಿನ ಮೇಲೆ ಪುಟ್ಟ ಸಿಪಾಯಿಗಳನ್ನಿಟ್ಟು ಯುದ್ಧದಾಟ ಆಡುತ್ತಿದ್ದವರು. ಅಂಥ ಆಟಗಳಲ್ಲಿ ಒಂದು ಗೊಂಬೆಯೆಂದರೆ ಹೆಚ್ಚಾಗಿ ಒಂದು ತುಕಡಿ. ಹೊಸ ಆಟದಲ್ಲಿ ಒಬ್ಬ ಆಟಗಾರನಿಗೆ ಒಬ್ಬನೇ ಮನುಷ್ಯ, ಅವನಿಗೊಂದು ಹೆಸರು. ಹೆಸರು ಬಂದ ಮೇಲೆ ಅವನು ಸತ್ತರೆ ಬೇಜಾರಾಗುತ್ತದೆ. ಮಿಕ್ಕದ್ದೆಲ್ಲ ಅಲ್ಲಿಂದ ಬೆಳೆದದ್ದು.

ಪಾತ್ರದ ಹಾಳೆಯಲ್ಲಿ ಆರು ಗುಣಗಳಿರುತ್ತವೆ: ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. ಹಳೆಯ ಪದ್ಧತಿಯಲ್ಲಿ ಒಂದೊಂದಕ್ಕೂ ಆರು ಮುಖದ ಮೂರು ದಾಳ ಎಸೆದು ಕೂಡಿಸಬೇಕು. 18 ಬೀಳುವ ಸಾಧ್ಯತೆ 216ರಲ್ಲಿ ಒಂದು. ಹೆಚ್ಚು ಬೀಳುವುದು 10 ಮತ್ತು 11. ಹೊಸಬರ ಕಣ್ಣೆಲ್ಲ ಆ ಹದಿನೆಂಟರ ಮೇಲೇ. ನನ್ನನ್ನು ಕೇಳಿದರೆ ಹಾಳೆ ಕೈಗೆ ಬಂದೊಡನೆ ಓದಬೇಕಾದದ್ದು ಅತಿ ಸಣ್ಣ ಅಂಕವನ್ನು.

ವಿವೇಕ 16, ವರ್ಚಸ್ಸು 7 ಬಿದ್ದಿದೆ ಅನ್ನಿ. ಸೋಮಾರಿ ಆಟಗಾರ ‘ಇವಳು ಕುರೂಪಿ’ ಎಂದು ಬರೆದು ಮುಗಿಸುತ್ತಾನೆ. ಇನ್ನೊಬ್ಬ ಸ್ವಲ್ಪ ಯೋಚಿಸುತ್ತಾನೆ: ಎಲ್ಲವೂ ಸರಿಯಾಗಿ ಕಾಣುವ, ಆದರೆ ಯಾರೂ ಮಾತು ನಂಬದ ಹೆಂಗಸು ಯಾರಿರಬಹುದು? ನದಿಯ ನೀರಿನ ಮಟ್ಟ ಬರೆದಿಡುವ ಗುಮಾಸ್ತೆ. ಒಡ್ಡು ಒಡೆಯುತ್ತದೆಂದು ಮೂರು ಸಲ ಹೇಳಿದಳು, ಯಾರೂ ಕಿವಿಗೊಡಲಿಲ್ಲ, ಊರು ಕೊಚ್ಚಿಹೋಯಿತು. ಅಂದಿನಿಂದ ದಾಖಲೆ ಪುಸ್ತಕ ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ಈಗ ಅವಳನ್ನು ಕೋಟೆ ಬಾಗಿಲಿಗೆ ತನ್ನಿ. ಕಾವಲುಗಾರ ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ತಕ್ಷಣ ಗೊತ್ತಾಗುತ್ತದೆ. ಆ ಹದಿನಾರು ಅಂಕ ಇರುವುದೇ ಅದಕ್ಕೆ. ಅವನನ್ನು ಒಪ್ಪಿಸಬೇಕು. ಇಪ್ಪತ್ತು ಮುಖದ ದಾಳದಲ್ಲಿ 5 ಬಿತ್ತು, ಏಳರ ವರ್ಚಸ್ಸಿಗೆ ಎರಡು ಕಳೆಯಬೇಕು, ಉಳಿದದ್ದು 3. ‘ನಾನು ಪುಸ್ತಕ ತೆಗೆದು ಮೊದಲ ಪುಟದಿಂದ ಓದೋಕೆ ಶುರುಮಾಡ್ತೀನಿ’ ಅನ್ನುತ್ತಾನೆ ಆಟಗಾರ. ‘ಮೂರನೇ ಪುಟಕ್ಕೆ ಅವನು ಬಾಗಿಲು ಹಾಕಿದ’ ಅನ್ನುತ್ತಾನೆ ಮಾಸ್ಟರ್. ಮೇಜಿನ ಸುತ್ತ ನಗು. ಸೋಲು ದಾಳದ್ದು, ಸೋತ ರೀತಿ ಮಾತ್ರ ಅವಳದೇ. ರಸಿಕರು ತಲೆದೂಗಬೇಕಾದ ಜಾಗ ಇದು.

ಹಿನ್ನೆಲೆಯ ಕಥೆ ಹತ್ತು ಪುಟವಿದ್ದರೆ ಸ್ವಲ್ಪ ಅನುಮಾನಪಡಿ. ಅದರಲ್ಲೂ ಊರು ಸುಟ್ಟುಹೋದ, ತಂದೆತಾಯಿ ಸತ್ತ, ಮೂಲೆಯಲ್ಲಿ ಮುಸುಕು ಹೊದ್ದು ಕೂತ ಅನಾಥ ಬಂದರೆ. ದುಃಖ ಹಳೆಯದೆಂಬ ತಕರಾರಲ್ಲ. ಎಲ್ಲರೂ ಸತ್ತಿದ್ದರೆ ಮಾಸ್ಟರ್ ಕಥೆಯೊಳಕ್ಕೆ ಕರೆತರುವುದು ಯಾರನ್ನು? ಸಾಲ ಕೊಟ್ಟು ಮಾತು ಬಿಟ್ಟ ಅಕ್ಕ ಒಬ್ಬಳು ಪಕ್ಕದೂರಿನಲ್ಲಿ ಬದುಕಿದ್ದರೆ ಸುಟ್ಟ ಊರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಾಳೆ. 2014ರ ಐದನೇ ಆವೃತ್ತಿ ಇದನ್ನು ನಿಯಮದ ಪುಸ್ತಕಕ್ಕೇ ಸೇರಿಸಿತು: ಸ್ವಭಾವ, ಆದರ್ಶ, ನಂಟು, ದೋಷ, ಒಂದೆರಡು ಸಾಲಿನಲ್ಲಿ. ದೋಷದ ಸಾಲನ್ನು ನಿಜವಾಗಿ ಆಡುವವರು ಕಡಿಮೆ. ಆಡಿದವರನ್ನು ಗುರುತಿಟ್ಟುಕೊಳ್ಳಿ.

ಇನ್ನು ಸ್ವಂತಿಕೆಯ ಪ್ರಶ್ನೆ. ಆರ್. ಎ. ಸಾಲ್ವಟೋರ್ ಅವರ ‘ದ ಕ್ರಿಸ್ಟಲ್ ಶಾರ್ಡ್’ ಕಾದಂಬರಿ 1988ರಲ್ಲಿ ಬಂತು. ಅದರಲ್ಲಿ ಡ್ರಿಸ್ಟ್ ಎಂಬ ಕಪ್ಪು ಎಲ್ಫ್ ಇದ್ದಾನೆ. ಕ್ರೂರಿಗಳ ಕುಲ ತೊರೆದು ಬಂದವನು, ಎರಡು ಕೈಯಲ್ಲಿ ಎರಡು ಬಾಗುಕತ್ತಿ. ನಾಯಕನ ಜೊತೆಗಾರನೆಂದು ಹುಟ್ಟಿದವನು ಜನಪ್ರಿಯತೆಯಲ್ಲಿ ನಾಯಕನನ್ನೇ ಹಿಂದೆ ಹಾಕಿದ. ಆಮೇಲೆ ಮೇಜು ಮೇಜಿಗೂ ಕುಲ ತೊರೆದ ಎಲ್ಫ್‌ಗಳು ಸಾಲುಗಟ್ಟಿದರು. ಕತ್ತಿ, ಬಣ್ಣ, ಗಾಯದ ಗುರುತು ಎಲ್ಲ ನಕಲಾಗುತ್ತವೆ, ಅದನ್ನು ತಡೆಯಲಾಗದು. ನಕಲಾಗದ್ದು ಇನ್ನೊಂದಿದೆ. ‘ಡ್ರ್ಯಾಗನ್‌ಲ್ಯಾನ್ಸ್’ ಸರಣಿಯನ್ನು ಪ್ರಯೋಗಕ್ಕೆಂದು ಆಡುವಾಗ ರೇಸ್ಟ್ಲಿನ್ ಎಂಬ ಮಾಂತ್ರಿಕನ ಪಾತ್ರ ಟೆರಿ ಫಿಲಿಪ್ಸ್ ಎಂಬ ಆಟಗಾರನಿಗೆ ಸಿಕ್ಕಿತು. ಬಲಶಾಲಿ ಅವಳಿ ಸಹೋದರನ ನೆರಳಲ್ಲಿ ಬೆಳೆದ, ದೇಹದಲ್ಲಿ ಕಸುವಿಲ್ಲದ ಪಾತ್ರ ಅದು. ಫಿಲಿಪ್ಸ್ ಬಾಯಿ ತೆರೆದದ್ದೇ ಪಿಸುಗುಡುವ ಗೊಗ್ಗರು ದನಿಯಲ್ಲಿ. ಅದು ಹಾಳೆಯಲ್ಲಿರಲಿಲ್ಲ. ಸರಣಿ ಕಟ್ಟುತ್ತಿದ್ದ ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಅವರಿಗೆ ಆ ದನಿಯಲ್ಲೇ ಮನುಷ್ಯ ಸಿಕ್ಕಿದ. 1984ರಿಂದ ಬಂದ ಕಾದಂಬರಿಗಳ ರೇಸ್ಟ್ಲಿನ್ ಈಗಲೂ ಹಾಗೇ ಮಾತಾಡುತ್ತಾನೆ.

ಒಂದು ದುಶ್ಚಟವನ್ನೂ ಗುರುತಿಸಲು ಕಲಿಯಬೇಕು. ಗೆಳೆಯರ ಚಿನ್ನ ಕದ್ದು, ಆಟ ಕೆಡಿಸಿ, ‘ನಾನೇನ್ ಮಾಡ್ಲಿ, ನನ್ನ ಪಾತ್ರ ಇರೋದೇ ಹಾಗೆ’ ಅನ್ನುವವರಿರುತ್ತಾರೆ. ಪಾತ್ರನಿಷ್ಠೆಯಂತೆ ಕಾಣುತ್ತದೆ; ಅಲ್ಲ. ಆ ಪಾತ್ರವನ್ನು ಹಾಗೆ ಬರೆದುಕೊಂಡು ಬಂದವನು ಅವನೇ ತಾನೇ? ಒಳ್ಳೆಯ ಕಳ್ಳನ ಪಾತ್ರಧಾರಿ ಕದಿಯುವ ಮೊದಲು ಪಕ್ಕದವಳ ಕಣ್ಣಿಗೆ ಬೀಳುವಂತೆ ಒಮ್ಮೆ ಕೈ ಚಾಚುತ್ತಾನೆ. ಈಗ ಸರದಿ ಅವಳದು: ತಡೆಯಬಹುದು, ಪಾಲು ಕೇಳಬಹುದು, ನೋಡದಂತೆ ಇರಬಹುದು. ದೃಶ್ಯದಲ್ಲಿ ಒಬ್ಬರ ಬದಲು ಇಬ್ಬರಾದರು.

ಆಡುವ ಗುಂಪು ಹತ್ತಿರದಲ್ಲಿಲ್ಲದಿದ್ದರೆ ನೋಡಿ ಕಲಿಯಬಹುದು. 2015ರಲ್ಲಿ ಶುರುವಾದ ‘ಕ್ರಿಟಿಕಲ್ ರೋಲ್’ನಲ್ಲಿ ಕಂಠದಾನ ಕಲಾವಿದರು ಕ್ಯಾಮೆರಾ ಮುಂದೆ ಕೂತು ಆಡುತ್ತಾರೆ, ಮೊದಲ ಕಥಾಸರಣಿಗಳಲ್ಲಿ ಮಾಸ್ಟರ್ ಆಗಿದ್ದವರು ಮ್ಯಾಥ್ಯೂ ಮರ್ಸರ್. ಒಂದೊಂದು ಕಂತು ಮೂರು ನಾಲ್ಕು ಗಂಟೆ ಎಳೆಯುವುದುಂಟು, ತಾಳ್ಮೆ ಬೇಕು. ಮೊದಲ ಕಥಾಸರಣಿಯಲ್ಲಿ ಟ್ರಾವಿಸ್ ವಿಲಿಂಗ್‌ಹ್ಯಾಮ್ ಆಡಿದ ದೈತ್ಯಕಾಯದ ಗ್ರಾಗ್‌ನನ್ನು ಹಿಂಬಾಲಿಸಿ. ಅವನ ಬುದ್ಧಿಯ ಅಂಕ 6. ಮೊದಲು ನಗು ಬರುತ್ತದೆ. ಆಮೇಲೆ ಆ ಆರು ಯಾವ ಯಾವ ಕೆಲಸಕ್ಕೆ ಬರುತ್ತದೆ, ಗೆಳೆಯರು ಅದರ ಸುತ್ತ ಹೇಗೆ ನಡೆದುಕೊಳ್ಳುತ್ತಾರೆ ಎಂದು ಗಮನಿಸಿ. ಕಾದಾಟದ ಭಾಗಗಳನ್ನು ಓಡಿಸಿದರೂ ದೊಡ್ಡ ನಷ್ಟವಿಲ್ಲ ಎಂಬುದು ನನ್ನ ಮತ. ಕಟ್ಟಾ ಆಟಗಾರರ ಮುಂದೆ ಮಾತ್ರ ಹಾಗೆ ಹೇಳಬೇಡಿ, ಹೊಡೆತದ ಲೆಕ್ಕದಲ್ಲೂ ಪಾತ್ರವಿದೆ ಎಂದು ರಾತ್ರಿಯೆಲ್ಲ ವಾದಕ್ಕೆ ಕೂರುತ್ತಾರೆ.